ಬ್ಯಾಡಗಿ ಕೋಲ್ಡ್ ಸ್ಟೋರೇಜಿನ ಲೆಕ್ಕ: ಎಕ್ಸೆಲ್ ಧಾರಾಳವಾಗಿ ಓದಲಿ, ಬರೆಯುವಾಗ ಮಾತ್ರ ಬಾಗಿಲು ತಟ್ಟಲಿ

ಬ್ಯಾಡಗಿಯಲ್ಲಿ ಎರಡು ಕೋಲ್ಡ್ ಸ್ಟೋರೇಜ್, ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿ. ಮೆಣಸಿನಕಾಯಿ ಚೀಲ ಒಳಗೆ ಬರುತ್ತದೆ, ತಿಂಗಳುಗಟ್ಟಲೆ ಇರುತ್ತದೆ, ಮಾರಾಟವಾದಾಗ ಹೊರಗೆ ಹೋಗುತ್ತದೆ. ವ್ಯವಹಾರ ಇಷ್ಟೇ. ಆದರೆ ಆ ಚೀಲಗಳ ಲೆಕ್ಕ ಮೂರು ಕಡೆ ಇತ್ತು, ಮೂರೂ ಬೇರೆ ಬೇರೆ ಹೇಳುತ್ತಿದ್ದವು. ಈ ಸಂಸ್ಥೆಯ ಎಕ್ಸೆಲ್ ಶೀಟುಗಳನ್ನು ಡೇಟಾಬೇಸಿಗೆ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಏನಿತ್ತು, ಏನು ಮಾಡಿದೆವು, ಯಾಕೆ ಹಾಗೇ ಮಾಡಿದೆವು ಅಂತ ಪೂರ್ತಿ ಬರೆಯುತ್ತಿದ್ದೇನೆ, ಯಾಕಂದ್ರೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಇದೇ ತಾಪತ್ರಯದಲ್ಲಿರುವ ಅಂಗಡಿ, ಫ್ಯಾಕ್ಟರಿ, ಗೋದಾಮು ಬಹಳ ಇವೆ. ಸಂಸ್ಥೆಯ ಹೆಸರು ಇಲ್ಲಿ ಬೇಡ.

ಮೊದಲಿನ ಸ್ಥಿತಿ ಹೀಗಿತ್ತು. ಆವಕ, ಜಾವಕ, ಬಾಡಿಗೆ ಬಿಲ್ಲು ಎಲ್ಲ ಒಂದು ಸಾಫ್ಟ್‌ವೇರ್‌ನಲ್ಲಿ. ಅದನ್ನು ಹೊರಗಿನವರು ಬರೆದುಕೊಟ್ಟಿದ್ದರು, ಹಿಂದೆ ಕೂತಿದ್ದ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ 2019 ಎಕ್ಸ್‌ಪ್ರೆಸ್. ಇದು ಪುಕ್ಕಟೆ ಸಿಗುವ ಆವೃತ್ತಿ, ಒಂದು ಡೇಟಾಬೇಸ್ 10 ಜಿಬಿ ದಾಟುವ ಹಾಗಿಲ್ಲ, ಇವರಿಗೆ ಅಷ್ಟು ಬೇಕಾದಷ್ಟಾಯಿತು. ತೊಂದರೆ ಇದ್ದದ್ದು ಸಾಫ್ಟ್‌ವೇರ್‌ನಲ್ಲಿ ಜಾಗವೇ ಇಲ್ಲದ ವಿಷಯಗಳದ್ದು. ಒಂದು ಲಾಟನ್ನು ಎರಡನೇ ಚೇಂಬರಿನಿಂದ ನಾಲ್ಕನೇದಕ್ಕೆ ಸರಿಸಿದರೆ ಅದನ್ನು ಎಲ್ಲಿ ಬರೆಯಬೇಕು? ಮತ್ತೆ ತೂಕ ಮಾಡಿದಾಗ ಬಂದ ವ್ಯತ್ಯಾಸ? ಒಳಗೆ ಬಂದಾಗಿನ ತೂಕವೂ ಹೊರಗೆ ಹೋಗುವಾಗಿನ ತೂಕವೂ ಮೆಣಸಿನಕಾಯಿಗೆ ಎಂದೂ ಒಂದೇ ಇರುವುದಿಲ್ಲ, ಅಲ್ವಾ. ಡಬ್ಬಿ ಅಂತ ಬಂದ ಲಾಟಿನಲ್ಲಿ ಕಡ್ಡಿ (ಎರಡೂ ಬ್ಯಾಡಗಿ ಮೆಣಸಿನಕಾಯಿಯ ಬಗೆಗಳು) ಕಲೆತಿದ್ದರೆ ಆ ಗ್ರೇಡ್ ಬದಲಾವಣೆ? ಇವೆಲ್ಲ ಎಕ್ಸೆಲ್‌ನಲ್ಲಿ ಮಾತ್ರ ಇದ್ದವು, ಅದೂ ಗುಮಾಸ್ತರ ಕಂಪ್ಯೂಟರಿನಲ್ಲಿ.

ಸಂಜೆ ಆದ ಮೇಲೆ ಗುಮಾಸ್ತರು ಸಾಫ್ಟ್‌ವೇರ್‌ನಿಂದ ರಿಪೋರ್ಟ್ ಇಳಿಸಿ, ತಮ್ಮ ಶೀಟಿನ ಜತೆ ಸೇರಿಸಿ, ವಾಟ್ಸಾಪ್‌ನಲ್ಲಿ ಹುಬ್ಬಳ್ಳಿಗೆ ಕಳಿಸುತ್ತಿದ್ದರು. ಹುಬ್ಬಳ್ಳಿಯಲ್ಲಿ ಅಕೌಂಟ್ಸ್ ನೋಡುವ ಅಕ್ಕ ಅದನ್ನು ದೊಡ್ಡ ಫೈಲಿಗೆ ಅಂಟಿಸಿ, ಪಿವಟ್ (ಗುಂಪುವಾರು ಮೊತ್ತ ತೋರಿಸುವ ಎಕ್ಸೆಲ್ ಪಟ್ಟಿ) ಮಾಡಿ, ಮರುದಿನ ಸಾವ್ಕಾರರ ಮುಂದೆ ಇಡುತ್ತಿದ್ದರು. ಸೋಮವಾರ, ಗುರುವಾರ ಮಾರ್ಕೆಟ್ ದಿನ. ಆ ದಿನಗಳ ಲೆಕ್ಕ ಸರಿಹೊಂದುವಷ್ಟರಲ್ಲಿ ಮುಂದಿನ ಮಾರ್ಕೆಟ್ ಬಂದೇ ಬಿಡುತ್ತಿತ್ತು.

ಗುಮಾಸ್ತರು ಮೊದಲ ಭೇಟಿಯಲ್ಲೇ ಹೇಳಿದ ಮಾತು ಇದು: "ಸರ, ಸಾಫ್ಟ್‌ವೇರ್ ಒಂದು ಹೇಳ್ತೈತಿ, ನನ್ನ ಶೀಟ್ ಒಂದು ಹೇಳ್ತೈತಿ, ಒಳಗ ಹೋಗಿ ಎಣಿಸಿದ್ರ ಮೂರನೇದ್ದು ಬರ್ತೈತಿ. ರೈತಗ ಯಾವ್ದು ಖರೇ ಅಂತ ಹೇಳ್ಲಿ?"

ಇದನ್ನು ಹಗುರವಾಗಿ ತಗೊಳ್ಳುವ ಹಾಗಿಲ್ಲ. ಬೆಲೆ ಬಿದ್ದ ವರ್ಷ ರೈತ ಮಾರದೆ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕಾಯುತ್ತಾನೆ. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿದಾಗ ರೈತರ ಸಿಟ್ಟು ಬ್ಯಾಡಗಿ ಎಪಿಎಂಸಿ ಕಚೇರಿಯವರೆಗೆ ಹೋಗಿ ವಾಹನಗಳು ಸುಟ್ಟಿದ್ದನ್ನು ಈ ಕಡೆ ಯಾರೂ ಮರೆತಿಲ್ಲ. ಅಂಥ ಊರಿನಲ್ಲಿ ಒಬ್ಬ ರೈತನ ಚೀಲ ಲೆಕ್ಕದಲ್ಲಿ ಕಮ್ಮಿ ಕಂಡರೆ ಅದು ಬರೀ ಕಂಪ್ಯೂಟರ್ ತಪ್ಪು ಅಂತ ಅವನಿಗೆ ಹೇಳಿ ನಂಬಿಸುವುದು ಆಗದ ಮಾತು.

ತಪ್ಪು ಎಲ್ಲಿಂದ ಬರುತ್ತಿತ್ತು

ಅರ್ಧ ತಪ್ಪು ಯಾರೂ ಮಾಡಿದ್ದೇ ಅಲ್ಲ. ಲಾಟ್ ನಂಬರನ್ನು ಅವರು ಚೇಂಬರ್ ನಂಬರ್, ಅಡ್ಡಗೆರೆ, ಲಾಟಿನ ಸಂಖ್ಯೆ ಅಂತ ಬರೆಯುತ್ತಿದ್ದರು. ಮೂರನೇ ಚೇಂಬರಿನ ಹನ್ನೆರಡನೇ ಲಾಟ್ ಅಂದರೆ 3-12. ಇದನ್ನು ಎಕ್ಸೆಲ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ಡಿಸೆಂಬರ್ 3 ಆಗುತ್ತದೆ. ಒಳಗೆ ಅದು ಒಂದು ಸಂಖ್ಯೆ, 2024ರಲ್ಲಿ ಟೈಪ್ ಮಾಡಿದ್ದರೆ 45629. ಆಮೇಲೆ ಸಾಫ್ಟ್‌ವೇರ್‌ನ 3-12ಕ್ಕೂ ಶೀಟಿನ 45629ಕ್ಕೂ ವಿಲುಕಪ್ (ಎರಡು ಪಟ್ಟಿಗಳನ್ನು ಹೊಂದಿಸಿ ಹುಡುಕುವ ಸೂತ್ರ) ಹಾಕಿದರೆ ಎಲ್ಲಿ ಹೊಂದಬೇಕು? ಈ ಕಾಟ ದೊಡ್ಡ ದೊಡ್ಡವರನ್ನೂ ಬಿಟ್ಟಿಲ್ಲ. ಜೀನ್‌ಗಳ ಹೆಸರು ಎಕ್ಸೆಲ್‌ನಲ್ಲಿ ಮಾರ್ಚ್, ಸೆಪ್ಟೆಂಬರ್ ತಾರೀಖುಗಳಾಗಿ ಬದಲಾಗುತ್ತವೆ ಅಂತ ವಿಜ್ಞಾನಿಗಳು ಜೀನ್‌ಗಳ ಹೆಸರನ್ನೇ ಬದಲಿಸಿ 2020ರಲ್ಲಿ ನಿಯಮ ಹೊರಡಿಸಬೇಕಾಯಿತು.

ಇನ್ನೊಂದು, ಸಾಫ್ಟ್‌ವೇರ್ ರಿಪೋರ್ಟ್ ಇಳಿಯುತ್ತಿದ್ದದ್ದು ಹಳೆಯ ಎಕ್ಸ್‌ಎಲ್‌ಎಸ್ ರೂಪದಲ್ಲಿ. ಅದರಲ್ಲಿ 65,536 ಸಾಲು ಮುಗಿದರೆ ಮುಗಿಯಿತು. ಈಗಿನ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576 ಸಾಲು ಹಿಡಿಯುತ್ತವೆ. ಇಂಗ್ಲೆಂಡಿನಲ್ಲಿ 2020ರಲ್ಲಿ ಹತ್ತಿರ ಹತ್ತಿರ 16,000 ಕೋವಿಡ್ ಪ್ರಕರಣ ಲೆಕ್ಕದಿಂದ ಬಿಟ್ಟುಹೋಗಿದ್ದು ಇದೇ ಹಳೆಯ ರೂಪದ ಮಿತಿಯಿಂದ. ಬ್ಯಾಡಗಿಯ ಪೂರ್ತಿ ವರ್ಷದ ಚಲನವಲನ ಇಳಿಸಿದಾಗಲೂ ಕೊನೆಯ ಭಾಗ ಕತ್ತರಿಸಿ ಹೋಗುತ್ತಿತ್ತು, ಸದ್ದಿಲ್ಲದೆ.

ಉಳಿದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ: ಒಂದೇ ಫೈಲಿನ ಹಲವು ಪ್ರತಿ, ಯಾವುದು ಹೊಸದು ಅಂತ ಯಾರಿಗೂ ಗೊತ್ತಿಲ್ಲ.

ಸಾವ್ಕಾರರ ಮೊದಲ ಮಾತು "ಎಕ್ಸೆಲ್ ತಗದಬಿಡ್ರಿ, ಎಲ್ಲಾ ಸಾಫ್ಟ್‌ವೇರ್‌ದಾಗ ಬರಲಿ" ಅಂತ. ನಾನು ಒಪ್ಪಲಿಲ್ಲ. ಗುಮಾಸ್ತರ ಕೈ ಎಕ್ಸೆಲ್‌ನಲ್ಲಿ ಓಡುತ್ತದೆ, ಅಕ್ಕನ ಪಿವಟ್‌ಗಳು ವರ್ಷಗಳ ಅನುಭವದಿಂದ ಆದವು, ಸಾವ್ಕಾರರು ಕೇಳುವ ಪ್ರಶ್ನೆ ವಾರಕ್ಕೊಮ್ಮೆ ಬದಲಾಗುತ್ತದೆ. ಅದನ್ನು ಕಿತ್ತುಕೊಂಡರೆ ಅವರು ಕದ್ದು ಮುಚ್ಚಿ ಇನ್ನೊಂದು ಶೀಟ್ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲೇಬೇಕು. ಹಾಗಾಗಿ "ಸಾವ್ಕಾರ್ರೇ, ಶೀಟ್ ಇರಲಿ, ಆದರೆ ಲೆಕ್ಕ ಇರುವ ಜಾಗ ಶೀಟ್ ಆಗಬಾರದು" ಅಂದೆ. ಓದುವ ದಾರಿ ಒಂದು, ಬರೆಯುವ ದಾರಿ ಇನ್ನೊಂದು. ಪೂರ್ತಿ ಕೆಲಸ ಈ ಒಂದು ತೀರ್ಮಾನದ ಮೇಲೆ ನಿಂತಿದೆ.

ಓದುವ ದಾರಿ

ಇದು ಸುಲಭದ ಭಾಗ. ಸಾಫ್ಟ್‌ವೇರ್‌ನ ಟೇಬಲ್‌ಗಳನ್ನು ನೇರವಾಗಿ ಎಕ್ಸೆಲ್‌ಗೆ ತೋರಿಸಲಿಲ್ಲ. ನಡುವೆ ವ್ಯೂಗಳನ್ನು, ಅಂದರೆ ಬೇಕಾದ ಮಾಹಿತಿ ಮಾತ್ರ ತೋರಿಸುವ ಸಿದ್ಧ ನೋಟಗಳನ್ನು, ಕಟ್ಟಿದೆವು: ಇವತ್ತಿನ ಸ್ಟಾಕ್, ದಿನದ ಆವಕ-ಜಾವಕ, ರೈತವಾರು ಬಾಕಿ ಚೀಲ. ಕಾಲಮ್‌ಗಳ ಹೆಸರು ಗುಮಾಸ್ತರು ಬಾಯಲ್ಲಿ ಹೇಳುವ ಹೆಸರೇ. ಓದಲು ಅಂತ ಎಕ್ಸೆಲ್‌ಗೆ ಕೊಟ್ಟ ಲಾಗಿನ್‌ಗೆ ಈ ವ್ಯೂಗಳ ಮೇಲೆ ಸೆಲೆಕ್ಟ್, ಅಂದರೆ ಓದುವ ಅನುಮತಿ ಬಿಟ್ಟರೆ ಬೇರೇನೂ ಇಲ್ಲ. ಯಾರು ಏನು ಒತ್ತಿದರೂ ಡೇಟಾಬೇಸ್‌ನಲ್ಲಿ ಒಂದು ಅಕ್ಷರ ಬದಲಾಗುವುದಿಲ್ಲ.

ಎಕ್ಸೆಲ್ ಕಡೆ ಪವರ್ ಕ್ವೆರಿ, ಹೊರಗಿನ ಡೇಟಾವನ್ನು ಶೀಟಿಗೆ ಎಳೆದುಕೊಳ್ಳುವ ಸಲಕರಣೆ. 2016ರ ಎಕ್ಸೆಲ್‌ನಿಂದ ಅದು ಒಳಗೇ ಇದೆ, 2010 ಮತ್ತು 2013ಕ್ಕೆ ಬೇರೆ ಹಾಕಿಕೊಳ್ಳಬೇಕು. ಲಾಟ್ ನಂಬರ್ ಡೇಟಾಬೇಸ್‌ನಲ್ಲಿ ಅಕ್ಷರವಾಗಿಯೇ ಇರುವುದರಿಂದ ಪವರ್ ಕ್ವೆರಿ ಮೂಲಕ ಬಂದಾಗ 3-12 ಅನ್ನುವುದು 3-12 ಆಗಿಯೇ ಉಳಿಯುತ್ತದೆ. ಕಾಪಿ-ಪೇಸ್ಟ್ ಹೋದ ದಿನವೇ ಡಿಸೆಂಬರ್ 3ರ ಕಾಟವೂ ಹೋಯಿತು.

ಬಾಡಿಗೆ ವಸೂಲಿ ಲೆಕ್ಕ ಟ್ಯಾಲಿಯಲ್ಲಿತ್ತು. ಟ್ಯಾಲಿ ಓಡಿಬಿಸಿ (ಒಂದು ಪ್ರೋಗ್ರಾಂ ಇನ್ನೊಂದರ ಡೇಟಾ ಓದುವ ಸಾಮಾನ್ಯ ದಾರಿ) ಮೂಲಕ ಮಾಹಿತಿ ಕೊಡುತ್ತದೆ, ಮಾಮೂಲಿ ಪೋರ್ಟ್ 9000. ಆದರೆ ಆ ಹೊತ್ತಿಗೆ ಟ್ಯಾಲಿ ತೆರೆದಿರಬೇಕು, ಕಂಪನಿ ಲೋಡ್ ಆಗಿರಬೇಕು. ಓಡಿಬಿಸಿ ಡ್ರೈವರ್ 64 ಬಿಟ್, ಎಕ್ಸೆಲ್ 32 ಬಿಟ್ ಆಗಿದ್ದರೆ ಜೋಡಣೆ ಆಗುವುದಿಲ್ಲ, ಎರಡೂ ಒಂದೇ ಇರಬೇಕು. ವಿಂಡೋಸ್‌ನಲ್ಲಿ ಓಡಿಬಿಸಿ ಸೆಟ್ಟಿಂಗ್ ಕಿಟಕಿಯೇ ಎರಡಿವೆ, 32ಕ್ಕೆ ಒಂದು, 64ಕ್ಕೆ ಒಂದು, ನೋಡಲು ಥೇಟ್ ಒಂದೇ ಥರ. ಹಳೆಯ ಆಫೀಸ್ ಇದ್ದ ಒಂದು ಕಂಪ್ಯೂಟರಿನಲ್ಲಿ ಇದಕ್ಕಾಗಿ ಜಾಸ್ತಿ ಹೊತ್ತು ಹೋಯಿತು.

ಬ್ಯಾಡಗಿ ಸರ್ವರ್ ಹುಬ್ಬಳ್ಳಿಗೆ ಕಾಣಬೇಕಲ್ಲ, ಅದರ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಕ್ಸ್‌ಪ್ರೆಸ್‌ನಲ್ಲಿ ಬೇರೆ ಕಂಪ್ಯೂಟರಿನಿಂದ ಬರುವ ಟಿಸಿಪಿ ಸಂಪರ್ಕ ಮೊದಲಿಗೆ ಬಂದ್ ಇರುತ್ತದೆ, ಅದನ್ನು ಕಾನ್ಫಿಗರೇಷನ್ ಮ್ಯಾನೇಜರ್‌ನಲ್ಲಿ ತೆರೆಯಬೇಕು, ಅಲ್ಲಿಯವರೆಗೆ ಸರಿ. ಮುಂದೆ ಎಷ್ಟೋ ಜನ ರೌಟರ್‌ನಲ್ಲಿ ಡೇಟಾಬೇಸಿನ 1433 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಪೋರ್ಟ್ ತೆರೆದಿದೆಯಾ ಅಂತ ಹುಡುಕುವ, ಎಸ್‌ಎ ಅನ್ನುವ ಮುಖ್ಯ ಲಾಗಿನ್‌ಗೆ ಪಾಸ್‌ವರ್ಡ್ ಊಹಿಸುತ್ತಲೇ ಇರುವ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಿರುತ್ತವೆ. ನಾವು ಎರಡೂ ಊರಿನ ನಡುವೆ ವಿಪಿಎನ್, ಅಂದರೆ ಇಂಟರ್ನೆಟ್ಟಿನೊಳಗೇ ನಮ್ಮದೇ ಮುಚ್ಚಿದ ದಾರಿ, ಹಾಕಿದೆವು, ಅದರೊಳಗಿಂದ ಮಾತ್ರ ಸರ್ವರ್ ಕಾಣುತ್ತದೆ.

ಓದುವುದರಿಂದ ಏನೂ ಕೆಡುವುದಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಕೆಡುತ್ತದೆ. ಮಾರ್ಕೆಟ್ ದಿನ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಪೂರ್ತಿ ವರ್ಷದ ರಿಪೋರ್ಟ್ ರಿಫ್ರೆಶ್ ಆದಾಗ ಬ್ಯಾಡಗಿಯಲ್ಲಿ ಬಿಲ್ಲು ಸೇವ್ ಆಗದೆ ನಿಲ್ಲುತ್ತಿತ್ತು, ಹೊರಗೆ ಹಮಾಲರು, ಲಾರಿ, ರೈತರು ಎಲ್ಲ ಕಾಯುತ್ತಿದ್ದರು. ಎಸ್‌ಕ್ಯೂಎಲ್ ಸರ್ವರ್‌ನ ಮಾಮೂಲಿ ವ್ಯವಸ್ಥೆಯಲ್ಲಿ ಓದುವವರೂ ಲಾಕ್ ಹಾಕುತ್ತಾರೆ, ದೊಡ್ಡದಾಗಿ ಓದಿದರೆ ಬರೆಯುವವರು ಕಾಯಬೇಕಾಗುತ್ತದೆ. ರೀಡ್ ಕಮಿಟೆಡ್ ಸ್ನ್ಯಾಪ್‌ಶಾಟ್ ಅನ್ನುವ ಆಯ್ಕೆ ಹಾಕಿದರೆ ಓದುವವರಿಗೆ ಕೊನೆಯದಾಗಿ ಖಾಯಂ ಆದ ಪ್ರತಿ ಸಿಗುತ್ತದೆ, ಬರೆಯುವವರು ನಿಲ್ಲಬೇಕಿಲ್ಲ. ಸಾಫ್ಟ್‌ವೇರ್ ಬರೆದವರನ್ನು ಕೇಳಿ, ಅವರು ಪರೀಕ್ಷೆ ಮಾಡಿ ಒಪ್ಪಿದ ಮೇಲೆ ಹಾಕಿದೆವು. ಅವರನ್ನು ಕೇಳದೆ ಇಂಥದಕ್ಕೆ ಕೈ ಹಾಕಬಾರದು. ಜತೆಗೆ ಹಳೆಯ ವರ್ಷಗಳ ರಿಪೋರ್ಟನ್ನು ರಾತ್ರಿ ಬ್ಯಾಕಪ್‌ನಿಂದ ಹುಬ್ಬಳ್ಳಿಯಲ್ಲಿ ಎಬ್ಬಿಸಿದ ಪ್ರತಿಯಿಂದ ಓದುವಂತೆ ಮಾಡಿದೆವು. ಎಕ್ಸ್‌ಪ್ರೆಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಏಜೆಂಟ್ ಇಲ್ಲ, ಹಾಗಾಗಿ ವಿಂಡೋಸ್ ಟಾಸ್ಕ್ ಶೆಡ್ಯೂಲರ್ ಈ ಕೆಲಸ ನಡೆಸುತ್ತದೆ. ಬ್ಯಾಕಪ್ ನಿಜವಾಗಿ ಎದ್ದು ನಿಲ್ಲುತ್ತದೆಯಾ ಅನ್ನುವುದೂ ಇದರಿಂದ ದಿನಾ ಗೊತ್ತಾಗುತ್ತದೆ, ಅದು ನನಗೆ ರಿಪೋರ್ಟಿಗಿಂತ ದೊಡ್ಡ ಲಾಭ.

ಬರೆಯುವ ದಾರಿ

ಪವರ್ ಕ್ವೆರಿ ಓದುತ್ತದೆ ಅಷ್ಟೇ, ಡೇಟಾಬೇಸಿಗೆ ವಾಪಸ್ ಬರೆಯುವುದಿಲ್ಲ. ಬರೆಯಲು ಬೇರೆ ದಾರಿ ಬೇಕು. ಎಲ್ಲರಿಗೂ ಮೊದಲು ಹೊಳೆಯುವುದು, ಎಕ್ಸೆಲ್‌ನಲ್ಲಿ ಒಂದು ವಿಬಿಎ ಮ್ಯಾಕ್ರೋ (ಎಕ್ಸೆಲ್ ಒಳಗೇ ಬರೆಯುವ ಸಣ್ಣ ಪ್ರೋಗ್ರಾಂ), ಒಂದು ಬಟನ್, ಒತ್ತಿದರೆ ಶೀಟಿನಲ್ಲಿ ಇದ್ದದ್ದೆಲ್ಲ ನೇರ ಟೇಬಲ್‌ಗೆ ಅಪ್‌ಡೇಟ್. ಇದನ್ನು ನಾನು ಕಡಾಖಂಡಿತವಾಗಿ ಬೇಡ ಅಂದೆ. ಯಾರೋ ಒಂದು ಕಾಲಮ್ ಮಾತ್ರ ಸಾರ್ಟ್ ಮಾಡಿದರು ಅಂದ್ಕೊಳ್ಳಿ, ಪಕ್ಕದ ಕಾಲಮ್‌ಗಳು ಹಾಗೇ ಇವೆ. ಈಗ ಒಬ್ಬ ರೈತನ ತೂಕ ಇನ್ನೊಬ್ಬನ ಲಾಟಿಗೆ ಕೂತಿದೆ, ನೋಡಲು ಎಲ್ಲ ಸರಿಯಾಗಿಯೇ ಕಾಣುತ್ತದೆ, ಬಟನ್ ಒತ್ತಿದರೆ ಅದೇ ಸತ್ಯ ಆಗಿಬಿಡುತ್ತದೆ. ಅಥವಾ ಬೆಳಗ್ಗೆ ತೆರೆದ ಶೀಟನ್ನು ಸಂಜೆ ಕಳಿಸಿದರೆ ನಡುವೆ ಇನ್ನೊಬ್ಬರು ಮಾಡಿದ ತಿದ್ದುಪಡಿ ಅಳಿಸಿ ಹೋಗುತ್ತದೆ. ಎಕ್ಸೆಲ್‌ನ ಡೇಟಾ ವ್ಯಾಲಿಡೇಷನ್ ಹಾಕಿದ್ದೇವಲ್ಲ ಅಂತ ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ, ಟೈಪ್ ಮಾಡಿದ್ದನ್ನು ಅದು ತಡೆಯುತ್ತದೆ, ಪೇಸ್ಟ್ ಮಾಡಿದ್ದನ್ನು ತಡೆಯುವುದಿಲ್ಲ.

ಇನ್ನೂ ಒಂದು ಕಾರಣ ಇತ್ತು. ಸಾಫ್ಟ್‌ವೇರ್ ಬರೆದವರ ಟೇಬಲ್‌ಗೆ ಹೊರಗಿನಿಂದ ಯಾರೋ ಬರೆದರೆ, ನಾಳೆ ಏನಾದರೂ ಕೆಟ್ಟಾಗ ಅವರು ಕೈ ಎತ್ತುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಎತ್ತುತ್ತಿದ್ದೆ.

ಹಾಗಾಗಿ ಅದೇ ಸರ್ವರ್‌ನಲ್ಲಿ ನಮ್ಮದೇ ಇನ್ನೊಂದು ಸಣ್ಣ ಡೇಟಾಬೇಸ್. ಚೇಂಬರ್ ಬದಲಾವಣೆ, ಮರುತೂಕ, ಗ್ರೇಡ್ ತಿದ್ದುಪಡಿ ಮೂರೂ ಅದರಲ್ಲಿ. ಸಾಫ್ಟ್‌ವೇರ್‌ನ ಟೇಬಲ್‌ಗಳನ್ನು ಬರೀ ಓದುತ್ತೇವೆ. ರಿಪೋರ್ಟಿನ ವ್ಯೂ ಎರಡನ್ನೂ ಸೇರಿಸಿ ತೋರಿಸುತ್ತದೆ.

ಗುಮಾಸ್ತರು ಎಕ್ಸೆಲ್‌ನಲ್ಲೇ ಟೈಪ್ ಮಾಡುತ್ತಾರೆ. ಆದರೆ ಅವರ ಶೀಟಿನ ಬಟನ್ ಒತ್ತಿದಾಗ ಸಾಲುಗಳು ಹೋಗುವುದು ಒಂದು ತಾತ್ಕಾಲಿಕ ಟೇಬಲ್‌ಗೆ. ಅಲ್ಲಿ ಒಂದು ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸಿನೊಳಗೇ ಇರುವ ಪ್ರೋಗ್ರಾಂ) ಪ್ರತಿ ಸಾಲನ್ನೂ ನೋಡುತ್ತದೆ. ಆ ಲಾಟ್ ನಿಜವಾಗಿ ಇದೆಯಾ, ಆ ಚೇಂಬರಿನಲ್ಲೇ ಇದೆಯಾ, ಸರಿಸುವ ಚೀಲ ಇರುವ ಚೀಲಕ್ಕಿಂತ ಜಾಸ್ತಿ ಇದೆಯಾ, ತಾರೀಖು ನಾಳೆಯದ್ದಾ, ಚೀಲವೊಂದರ ತೂಕ ಆಗದ ಹೋಗದ ಅಂಕಿಯಾ. ಸರಿ ಇದ್ದದ್ದು ಒಳಗೆ, ತಪ್ಪಿದ್ದದ್ದು ಅದೇ ಶೀಟಿಗೆ ಕೆಂಪಾಗಿ ವಾಪಸ್, ಪಕ್ಕದಲ್ಲಿ ಕನ್ನಡದಲ್ಲಿ ಕಾರಣ: "ಈ ಲಾಟಿನಲ್ಲಿ ಅಷ್ಟು ಚೀಲ ಉಳಿದಿಲ್ಲ", "ಈ ಲಾಟ್ ನಿನ್ನೆಯೇ ಹೊರಗೆ ಹೋಗಿದೆ". ತಪ್ಪಿನ ಸಂದೇಶ ಬರೆಯಲು ಗುಮಾಸ್ತರ ಜತೆಯಲ್ಲೇ ಕೂತೆ. ಪರದೆಯ ಮೇಲೆ ಬರೀ ಎರರ್ ನಂಬರ್ ಬಂದರೆ ಅವರು ಏನು ಮಾಡಬೇಕು ಹೇಳಿ.

ಚೇಂಬರ್ ಬದಲಾವಣೆಯ ವಿಷಯ ಸ್ವಲ್ಪ ಸೂಕ್ಷ್ಮ. ಒಂದು ಚೇಂಬರಿನಿಂದ ತೆಗೆಯುವುದು, ಇನ್ನೊಂದಕ್ಕೆ ಹಾಕುವುದು, ಇವೆರಡೂ ಒಟ್ಟಿಗೆ ಆಗಬೇಕು. ತೆಗೆದದ್ದು ಮಾತ್ರ ಬರೆದು, ಹಾಕುವ ಹೊತ್ತಿಗೆ ಕರೆಂಟ್ ಹೋದರೆ ಅಷ್ಟು ಚೀಲ ಲೆಕ್ಕದಲ್ಲಿ ಮಾಯ. ಟ್ರಾನ್ಸಾಕ್ಷನ್ ಇರುವುದೇ ಇದಕ್ಕೆ: ಆದರೆ ಎರಡೂ ಆಗುತ್ತವೆ, ಇಲ್ಲದಿದ್ದರೆ ಒಂದೂ ಆಗುವುದಿಲ್ಲ. ಮೊದಲಿನ ಶೀಟಿನಲ್ಲಿ ಇವು ಎರಡು ಬೇರೆ ಹಾಳೆಗಳಲ್ಲಿ ಎರಡು ಸಾಲು. ಮೂರನೇ ಅಂಕಿ ಎಲ್ಲಿಂದ ಬರುತ್ತಿತ್ತು ಅಂತ ಹುಡುಕುತ್ತಾ ಹೋದರೆ ಹೆಚ್ಚಿನವು ಇಲ್ಲೇ ಸಿಕ್ಕವು.

ಇಬ್ಬರು ಒಂದೇ ಲಾಟನ್ನು ತಿದ್ದಿದರೆ? ಪ್ರತಿ ಸಾಲಿಗೂ ಎಸ್‌ಕ್ಯೂಎಲ್ ಸರ್ವರ್ ತಾನೇ ಬದಲಿಸುವ ಒಂದು ಗುರುತು ಇಟ್ಟಿದ್ದೇವೆ, ರೋವರ್ಷನ್ ಅಂತ. ಶೀಟಿಗೆ ಓದಿದಾಗ ಆ ಗುರುತೂ ಬರುತ್ತದೆ, ಕಳಿಸುವಾಗ ವಾಪಸ್ ಹೋಗುತ್ತದೆ. ಹೊಂದದಿದ್ದರೆ ನಡುವೆ ಯಾರೋ ತಿದ್ದಿದ್ದಾರೆ ಅಂತ ಅರ್ಥ, "ಹೊಸದಾಗಿ ಓದಿಕೊಂಡು ಮತ್ತೆ ಹಾಕಿ" ಅನ್ನುತ್ತದೆ. ಮೊದಲು ಏನಿತ್ತು, ಈಗ ಏನಾಯಿತು, ಯಾರು, ಯಾವಾಗ ಅನ್ನುವುದು ಬೇರೆ ಚರಿತ್ರೆ ಟೇಬಲ್‌ನಲ್ಲಿ ತಾನಾಗಿ ಬೀಳುತ್ತದೆ. ಇದನ್ನು ಯಾರನ್ನೋ ಹಿಡಿದು ಬೈಯಲು ಬಳಸಬಾರದು ಅಂತ ಸಾವ್ಕಾರರಿಂದ ಮೊದಲೇ ಮಾತು ತಗೊಂಡೆ. ಭಯ ಬಿದ್ದರೆ ಜನ ತಪ್ಪನ್ನು ತಿದ್ದುವುದಿಲ್ಲ, ಮುಚ್ಚುತ್ತಾರೆ.

ಪಾಸ್‌ವರ್ಡ್ ಶೀಟಿನಲ್ಲಿ ಇಲ್ಲ. ಕನೆಕ್ಷನ್ ಜತೆ ಪಾಸ್‌ವರ್ಡ್ ಉಳಿಸು ಅಂತ ಟಿಕ್ ಹಾಕಿದರೆ ಅದು ಫೈಲಿನಲ್ಲಿ ಬಿಚ್ಚಿಟ್ಟ ಹಾಗೇ ಇರುತ್ತದೆ, ವಿಬಿಎಗೆ ಹಾಕುವ ಬೀಗವೂ ಬೀಗವೇ ಅಲ್ಲ. ಬರೆಯುವ ಪ್ರತಿಯೊಬ್ಬರಿಗೂ ಅವರದೇ ಲಾಗಿನ್, ತೆರೆದಾಗ ಟೈಪ್ ಮಾಡಬೇಕು. ಆ ಲಾಗಿನ್‌ಗೆ ಪ್ರೊಸೀಜರ್ ಓಡಿಸುವ ಅನುಮತಿ ಇದೆ, ಟೇಬಲ್ ಮುಟ್ಟುವ ಅನುಮತಿ ಇಲ್ಲ. ಮ್ಯಾಕ್ರೋ ಇರುವ ಫೈಲನ್ನು ಮೇಲ್‌ನಲ್ಲಿ ಕಳಿಸುವುದನ್ನೂ ನಿಲ್ಲಿಸಿದೆವು, ಯಾಕಂದ್ರೆ ಇಂಟರ್ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು 2022ರಿಂದ ಆಫೀಸ್ ತಡೆಯುತ್ತದೆ. ಫೈಲ್ ಇರುವುದು ಕಚೇರಿಯ ಹಂಚಿಕೆ ಫೋಲ್ಡರಿನಲ್ಲಿ, ಅದನ್ನೇ ನಂಬಿಕೆಯ ಜಾಗ ಅಂತ ಗುರುತು ಮಾಡಿದ್ದೇವೆ.

ಕನ್ನಡ ಹೆಸರುಗಳದ್ದೇ ಒಂದು ಅಧ್ಯಾಯ. ರೈತರ ಹೆಸರು, ಊರು ಎಲ್ಲ ಹಳೆಯ ಶೀಟುಗಳಲ್ಲಿ ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೆ ಫಾಂಟಿನಲ್ಲಿ ಇದ್ದವು. ಆ ಫಾಂಟ್ ತೆಗೆದರೆ ಮೋಟೆಬೆನ್ನೂರು ಅನ್ನುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಇರುವ ಒಂದೇ ಸಂಕೇತ ಪದ್ಧತಿ) ಅಲ್ಲ, ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಿಲ್ಲ, ಹುಡುಕಿದರೆ ಸಿಗುವುದಿಲ್ಲ. ಪೂರ್ತಿ ಯೂನಿಕೋಡ್‌ಗೆ ಬದಲಿಸಿ, ಗುಮಾಸ್ತರು ಒಂದೊಂದೇ ನೋಡಿ ಒತ್ತಕ್ಷರ ಸರಿಮಾಡಿದರು. ಆಮೇಲೆ ಡೇಟಾಬೇಸ್ ಕಡೆ ಕಾಲಮ್ ಎನ್‌ವಾರ್‌ಚಾರ್ ಬಗೆಯದ್ದಾಗಿ, ಅಂದರೆ ಯೂನಿಕೋಡ್ ಹಿಡಿಯುವಂತೆ ಇರಬೇಕು, ಮ್ಯಾಕ್ರೋದಿಂದ ಕಳಿಸುವಾಗ ಪ್ಯಾರಾಮೀಟರ್ ಕೂಡ ಯೂನಿಕೋಡ್ ಬಗೆಯದ್ದೇ ಆಗಬೇಕು. ಎಸ್‌ಕ್ಯೂಎಲ್ ಸಾಲನ್ನು ಅಕ್ಷರ ಜೋಡಿಸಿ ಕಟ್ಟಿ, ಹೆಸರಿನ ಮುಂದೆ ಎನ್ ಅಕ್ಷರ ಹಾಕಲು ಮರೆತರೆ, ರೈತನ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಸೇವ್ ಆಗುತ್ತವೆ, ಒಮ್ಮೆ ಹಾಗೆ ಸೇವ್ ಆದರೆ ಮೂಲ ಹೆಸರು ಹೋಯಿತು. ನಮ್ಮ ಕಡೆ ಕೆಲಸ ಮಾಡುವ ಪ್ರೋಗ್ರಾಮರ್‌ಗಳು ಇದನ್ನು ಮೊದಲ ದಿನವೇ ಪರೀಕ್ಷಿಸಬೇಕು ಅನ್ನುವುದು ನನ್ನ ಕಳಕಳಿಯ ವಿನಂತಿ. ರೈತನಿಗೆ ಕೊಡುವ ರಸೀದಿಯಲ್ಲಿ ಅವನ ಹೆಸರು ಅವನಿಗೆ ಓದಲು ಬರಬೇಕಲ್ವಾ.

ಆಮೇಲೆ

ಜೋಡಣೆ ಆದ ಕೂಡಲೇ ಲೆಕ್ಕ ಹೊಂದಲಿಲ್ಲ, ಹೊಂದಬೇಕು ಅಂತ ನಿರೀಕ್ಷೆಯೂ ಇರಲಿಲ್ಲ. ಮೊದಲು ಚೇಂಬರ್‌ವಾರು ಕೈಯಿಂದ ಎಣಿಸಿ, ಎಣಿಕೆಯನ್ನೇ ಆರಂಭದ ಸ್ಟಾಕ್ ಅಂತ ಹಾಕಿದೆವು. ಹಮಾಲರು ಒಂದು ಚೇಂಬರ್ ಮುಗಿಸುತ್ತಿದ್ದ ಹಾಗೆ ಆ ಚೇಂಬರಿನ ಹಳೆಯ ಶೀಟು ಬಂದ್. ಎಲ್ಲ ಚೇಂಬರನ್ನೂ ಒಂದೇ ದಿನ ಬದಲಿಸಲು ಹೋಗದೆ ಹೀಗೆ ಒಂದೊಂದಾಗಿ ಮಾಡಿದ್ದರಿಂದ ಗುಮಾಸ್ತರಿಗೂ ಕಲಿಯಲು ಹೊತ್ತು ಸಿಕ್ಕಿತು.

ಈಗ ಸಂಜೆಯ ವಾಟ್ಸಾಪ್ ಫೈಲ್ ಇಲ್ಲ. ಅಕ್ಕ ಹುಬ್ಬಳ್ಳಿಯಲ್ಲಿ ತಮ್ಮ ಅದೇ ಪಿವಟ್ ತೆರೆದು ರಿಫ್ರೆಶ್ ಒತ್ತುತ್ತಾರೆ. ಅವರು ಕೇಳಿಕೊಂಡದ್ದು ಒಂದೇ, ತಾನಾಗಿ ರಿಫ್ರೆಶ್ ಆಗುವುದು ಬೇಡ, ನೋಡುತ್ತಾ ಕೂತಾಗ ಅಂಕಿ ಬದಲಾದರೆ ಸಾವ್ಕಾರರಿಗೆ ಉತ್ತರ ಕೊಡುವುದು ಕಷ್ಟ ಅಂತ. ನ್ಯಾಯವಾದ ಮಾತು. ಬಟನ್ ಪಕ್ಕದಲ್ಲಿ ಯಾವ ಹೊತ್ತಿನ ಲೆಕ್ಕ ಅನ್ನುವುದು ದೊಡ್ಡದಾಗಿ ಕಾಣುವಂತೆ ಮಾಡಿದೆವು. ಗುಮಾಸ್ತರು ರೈತರು ಬಂದಾಗ ಪರದೆಯನ್ನು ಅವರ ಕಡೆಗೇ ತಿರುಗಿಸಿ, ಯಾವ ದಿನ ಯಾವ ಚೇಂಬರಿಗೆ ಹೋಯಿತು ಅಂತ ತೋರಿಸುತ್ತಾರೆ. "ಮೊದ್ಲ ರೈತ ಬಂದ್ರ ನಾ ವಹಿ ಹುಡುಕ್ತಿದ್ನಿರಿ, ಈಗ ಅವ್ನ ಮುಂದ ತೋರಸ್ತೀನಿ" ಅಂದರು.

ಸರಿಯಾಗದ್ದೂ ಇದೆ. ಟ್ಯಾಲಿ ತೆರೆದಿರದಿದ್ದರೆ ಬಾಡಿಗೆ ಬಾಕಿ ಕಾಲಮ್ ಇನ್ನೂ ಹಳೆಯದನ್ನೇ ತೋರಿಸುತ್ತದೆ, ಅದರ ಪಕ್ಕದಲ್ಲೂ ಯಾವ ಹೊತ್ತಿನ ಲೆಕ್ಕ ಅಂತ ಹಾಕಿದ್ದೇವೆ, ಅಷ್ಟೇ. ಬ್ಯಾಡಗಿಯಲ್ಲಿ ಇಂಟರ್ನೆಟ್ ಹೋದರೆ ಹುಬ್ಬಳ್ಳಿಗೆ ಹಿಂದಿನ ರಾತ್ರಿಯ ಪ್ರತಿಯೇ ಗತಿ. ಗ್ರೇಡ್ ಹೆಸರುಗಳನ್ನು ಒಂದೇ ಪಟ್ಟಿಗೆ ತರುವುದರಲ್ಲಿ ಎರಡು ಕೋಲ್ಡ್ ಸ್ಟೋರೇಜಿನವರು ಇನ್ನೂ ಒಮ್ಮತಕ್ಕೆ ಬಂದಿಲ್ಲ.

ನಡುವೆ ಸಾಫ್ಟ್‌ವೇರ್ ಬರೆದವರು ಹೊಸ ಆವೃತ್ತಿ ಹಾಕಿದರು. ಅದರಲ್ಲಿ ಆವಕ ಟೇಬಲ್‌ನ ಒಂದೆರಡು ಕಾಲಮ್‌ಗಳ ಹೆಸರು ಬದಲಾಗಿತ್ತು. ವ್ಯೂಗಳಲ್ಲಿ ಆ ಹೆಸರುಗಳನ್ನು ತಿದ್ದಿ, ಹೊರಗೆ ಹಳೆಯ ಹೆಸರೇ ಕಾಣುವಂತೆ ಉಳಿಸಿದೆವು. ಅಕ್ಕನ ಶೀಟಿಗಾಗಲೀ ಗುಮಾಸ್ತರ ಶೀಟಿಗಾಗಲೀ ಕೈ ಹಚ್ಚಬೇಕಾಗಲಿಲ್ಲ, ಗುರುವಾರದ ಮಾರ್ಕೆಟ್ ಎಂದಿನಂತೆ ನಡೆಯಿತು. ಈಗ ಹಮಾಲಿ ಲೆಕ್ಕವನ್ನೂ ಇದೇ ದಾರಿಗೆ ತರಬೇಕು ಅಂತ ಗುಮಾಸ್ತರೇ ಕೇಳಿದ್ದಾರೆ, ಅದರ ಪಟ್ಟಿ ಮಾಡುತ್ತಿದ್ದೇವೆ.